ಲಾವೋಸ್‌ನ ಖ್ಮು ಹಳ್ಳಿಯಲ್ಲಿ ಊಟ, ವಾಸ್ತವ್ಯ: ಹೋಗಿಬಂದವರು ದಯವಿಟ್ಟು ಹೇಳಿ

ದಾವಣಗೆರೆ_ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ನಾನೂ ನನ್ನ ಹೆಂಡತಿಯೂ ಲಾವೋಸ್‌ಗೆ ಹೊರಟಿದ್ದೀವಿ. ಲುವಾಂಗ್ ಪ್ರಬಾಂಗ್ ನೋಡಿಕೊಂಡು ಉತ್ತರಕ್ಕೆ ಲುವಾಂಗ್ ನಮ್‌ಥಾ ಕಡೆ ಹೋಗಿ, ಅಲ್ಲಿನ ನಮ್ ಹಾ ಕಾಡಿನೊಳಗೆ ಯಾವುದಾದರೂ ಖ್ಮು ಹಳ್ಳಿಯಲ್ಲಿ ಉಳಿಯಬೇಕು ಅಂತ ಆಸೆ. ದೇವಸ್ಥಾನ, ಜಲಪಾತದ ಮಾಹಿತಿ ಎಲ್ಲಾ ಕಡೆ ಸಿಗುತ್ತೆ. ಹಳ್ಳಿಮನೆಯಲ್ಲಿ ಏನು ಬಡಿಸ್ತಾರೆ, ಅಲ್ಲಿ ನಾವು ಹೇಗೆ ನಡ್ಕೋಬೇಕು ಅನ್ನೋದು ಕನ್ನಡದಲ್ಲಿ ಎಲ್ಲೂ ಕಾಣಲಿಲ್ಲ.

ಮುಖ್ಯವಾದ ಪ್ರಶ್ನೆ ಒಂದಿದೆ. ನನ್ನ ಹೆಂಡತಿ ಪಕ್ಕಾ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟಲ್ಲ. ಆತಿಥ್ಯಕ್ಕೆ ಅಂತ ಕೋಳಿ ಕೊಯ್ದು ಅಡುಗೆ ಮಾಡಿದ ಮನೆಯಲ್ಲಿ "ಬೇಡ" ಅಂದರೆ ಅವರಿಗೆ ನೋವಾಗಲ್ವಾ? ನಾನು ಎಲ್ಲಾ ತಿಂತೀನಿ, ಆದರೆ ಮದ್ಯ ಕುಡಿಯಲ್ಲ. ಅಲ್ಲಿ ಗುಡಾಣದ ಅಕ್ಕಿ ಮದ್ಯ ಕುಡಿಯದೆ ಬಿಡೋದಿಲ್ಲ ಅಂತ ಕೇಳಿದ್ದೀನಿ, ನಿಜಾನಾ?

ಕಾಡುಮಲ್ಲಿಗೆ_ಶಿರಸಿ

ಅಣ್ಣ, ನೀವು ಸರಿಯಾದ ಕಾಲದಲ್ಲೇ ಹೊರಟಿದ್ದೀರಿ. ನಾನು ಕೃಷಿ ಯೋಜನೆಯೊಂದರ ಕೆಲಸದ ಮೇಲೆ ಕೆಲವು ವರ್ಷ ಉತ್ತರ ಲಾವೋಸ್‌ನಲ್ಲಿದ್ದೆ. ಲುವಾಂಗ್ ನಮ್‌ಥಾ, ಉದೋಮ್‌ಸಾಯ್ ಎರಡೂ ಪ್ರಾಂತ್ಯಗಳ ಖ್ಮು ಊರುಗಳಲ್ಲಿ ಊಟ ಮಾಡಿದ್ದೇನೆ, ಮಲಗಿದ್ದೇನೆ. ಬಲ್ಲಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತೆ.

ಮೊದಲು ಈ ಜನರ ಬಗ್ಗೆ. 2015ರ ಜನಗಣತಿಯಂತೆ ಲಾವೋಸ್‌ನ ಜನರಲ್ಲಿ ಖ್ಮು ಸಮುದಾಯದವರು ಸುಮಾರು 11 ಶೇಕಡ. ಲಾವೋ ಜನರ ನಂತರ ಅವರದ್ದೇ ದೊಡ್ಡ ಸಮುದಾಯ. ವಿಯೆಟ್ನಾಂ, ಥಾಯ್ಲೆಂಡ್, ಚೀನಾದ ಯುನ್ನಾನ್‌ನಲ್ಲೂ ಇದ್ದಾರೆ. ಅವರ ನುಡಿ ಲಾವೋ ನುಡಿಗೆ ನಂಟಿನದ್ದಲ್ಲ, ಆಸ್ಟ್ರೋ-ಏಷ್ಯಾಟಿಕ್ ಕುಟುಂಬದ್ದು. ನಮ್ಮ ಮೇಘಾಲಯದ ಖಾಸಿ, ಜಾರ್ಖಂಡ್ ಕಡೆಯ ಸಂತಾಲಿ, ಮುಂಡಾರಿ ಇವೂ ಅದೇ ದೊಡ್ಡ ಕುಟುಂಬಕ್ಕೆ ಸೇರಿದವು.

ಅವರ ಬದುಕೆಲ್ಲಾ ಗುಡ್ಡದ ಭತ್ತದ ಸುತ್ತ. ಬೇಸಿಗೆಗೆ ಮುಂಚೆ ಇಳಿಜಾರಿನ ಕುರುಚಲು ಕಾಡು ಕಡಿದು ಒಣಗಿಸಿ, ಮಾರ್ಚ್ ಏಪ್ರಿಲ್‌ನಲ್ಲಿ ಸುಟ್ಟು, ಮಳೆ ಹಿಡಿದ ಮೇಲೆ ಚೂಪು ಕೋಲಿನಿಂದ ಕುಣಿ ಮಾಡಿ ಬೀಜ ಹಾಕ್ತಾರೆ. ಗಂಡಸರು ಕುಣಿ ಹೊಡೆಯುತ್ತಾ ಮುಂದೆ, ಹೆಂಗಸರು ಬೀಜ ಹಾಕುತ್ತಾ ಹಿಂದೆ. ಅದೇ ಹೊಲದಲ್ಲಿ ಮೆಣಸಿನಕಾಯಿ, ಸೌತೆ, ಕುಂಬಳ, ಕೆಸು, ಎಳ್ಳು ಎಲ್ಲಾ ಇರುತ್ತೆ. ಕೊಯ್ಲು ಅಕ್ಟೋಬರ್ ನವೆಂಬರ್‌ನಲ್ಲಿ. ಹಳೇ ಪದ್ಧತಿ ಉಳಿದ ಕಡೆ ಕುಡುಗೋಲು ಹಿಡಿಯಲ್ಲ, ತೆನೆಯನ್ನು ಕೈಯಲ್ಲೇ ಸವರಿ ಕಾಳನ್ನು ಸೊಂಟದ ಬುಟ್ಟಿಗೆ ಇಳಿಸ್ತಾರೆ. ಕಣಜಗಳನ್ನು ಊರಿನ ಹೊರಗೆ, ಮನೆಗಳಿಂದ ದೂರ ಕಟ್ಟಿರುತ್ತಾರೆ. ಊರಿಗೆ ಬೆಂಕಿ ಬಿದ್ದರೂ ಅನ್ನ ಉಳಿಯಬೇಕು ಅಂತ. ನೀವು ಹೋಗೋ ಹೊತ್ತಿಗೆ ಆ ಕಣಜ ತುಂಬಿರುತ್ತೆ. ಕೊಯ್ಲಿಗೆ ಮುಂಚಿನ ಮಳೆಗಾಲದ ತಿಂಗಳುಗಳಲ್ಲಿ ಹೋಗಿದ್ದರೆ ಎಷ್ಟೋ ಮನೆಗಳಲ್ಲಿ ಅಕ್ಕಿ ತಳ ಕಂಡಿರುತ್ತೆ. ಆಗ ಕಾಡಿನ ಗೆಣಸು, ಕೆಸುವಿನ ಗೆಡ್ಡೆಯೇ ಆಸರೆ. ಆ ಹೊತ್ತಲ್ಲಿ ಬಂದವರಿಗೂ ಅವರು ಅನ್ನವನ್ನೇ ಇಡ್ತಾರೆ. ಊಟಕ್ಕೆ ಕೂತಾಗ ಇದು ನೆನಪಿರಲಿ.

ಅನ್ನ ಅಂದರೆ ಅಂಟಕ್ಕಿ ಅನ್ನ. ರಾತ್ರಿ ನೆನೆಹಾಕಿ, ನಸುಕಲ್ಲೇ ಎದ್ದು, ಕೊನೆ ಕಿರಿದಾದ ಬಿದಿರ ಬುಟ್ಟಿಗೆ ತುಂಬಿ, ನೀರು ಕುದಿಯುವ ಪಾತ್ರೆಯ ಬಾಯಿಗೆ ಕೂರಿಸ್ತಾರೆ. ಬೆಂದ ಮೇಲೆ ಮರದ ಹಲಗೆ ಮೇಲೆ ಸುರಿದು, ಮರದ ಕೈಯಿಂದ ಹರಡಿ ಮಡಿಸಿ ಹರಡಿ ಹಬೆ ಬಿಡಿಸ್ತಾರೆ. ಈ ಹಂತ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅನ್ನ ಮುದ್ದೆಯಾಗಿ ನೀರು ಬಿಡುತ್ತೆ. ಆಮೇಲೆ ಮುಚ್ಚಳದ ಬಿದಿರ ಡಬ್ಬಿಗೆ ತುಂಬ್ತಾರೆ. ಹೊಲಕ್ಕೂ ಅದೇ ಡಬ್ಬಿ, ಊಟದ ಮಣೆಗೂ ಅದೇ ಡಬ್ಬಿ. ಡಬ್ಬಿಯಿಂದ ಒಂದು ಹಿಡಿ ತೆಗೆದುಕೊಂಡು, ಅದರಿಂದ ಚಿಕ್ಕ ಚಿಕ್ಕ ಉಂಡೆ ಮುರಿದು, ಬೆರಳಲ್ಲಿ ಒತ್ತಿ, ಪಲ್ಯಕ್ಕೆ ಅದ್ದಿ ತಿನ್ನೋದು. ಕೈಯೂಟ ಬಲ್ಲ ನಮಗೆ ಯಾವ ಕಷ್ಟವೂ ಇಲ್ಲ. ಎದ್ದಾಗ ಡಬ್ಬಿಯ ಮುಚ್ಚಳ ಹಾಕಿ ಏಳಿ, ತೆರೆದಿಟ್ಟು ಹೋಗೋದು ಅಲ್ಲಿ ಚೆನ್ನಲ್ಲ.

ಪಕ್ಕಕ್ಕೆ ಜೇವ್ ಇದ್ದೇ ಇರುತ್ತೆ, ಅಂದರೆ ಕುಟ್ಟಿದ ಖಾರ. ನಾನಿದ್ದ ಊರಲ್ಲಿ ಒಬ್ಬ ಅಜ್ಜಿ ಮಾಡುತ್ತಿದ್ದದ್ದು ಹೀಗೆ: ಹಸಿಮೆಣಸು, ಬೆಳ್ಳುಳ್ಳಿ, ಸಣ್ಣ ಈರುಳ್ಳಿ ಮೂರನ್ನೂ ಬಿದಿರ ಸೀಳಿಗೆ ಸಿಕ್ಕಿಸಿ ಕೆಂಡದ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಸುಡೋದು. ಸುಟ್ಟ ಸಿಪ್ಪೆಯನ್ನು ಅರ್ಧ ಮಾತ್ರ ತೆಗೆಯೋದು, ಉಳಿದರ್ಧದ ಹೊಗೆವಾಸನೆ ಬೇಕು. ಒರಳಿಗೆ ಮೊದಲು ಉಪ್ಪು ಮತ್ತು ಮಾಕ್ ಖೇನ್ ಕಾಳು, ಅವು ಪುಡಿಯಾದ ಮೇಲೆ ಉಳಿದದ್ದು. ಮಾಕ್ ಖೇನ್ ಅಂದರೆ ಕರಾವಳಿಯವರಿಗೆ ಗೊತ್ತಿರುವ ತೆಪ್ಪಳದ ಜಾತಿಯೇ, ನಮ್ಮಲ್ಲಿ ಜುಮ್ಮನಕಾಯಿ ಅಂತೀವಲ್ಲ, ನಾಲಿಗೆ ಜುಂ ಅನ್ನುತ್ತೆ. ಕೊಂಕಣಿಗರು ಬಂಗುಡೆ ಸಾರಿಗೆ ಹಾಕೋ ಆ ಕಾಯಿಯ ಪರಿಮಳ ಅಷ್ಟು ದೂರದ ಗುಡ್ಡದ ಒರಳಲ್ಲಿ ಎದ್ದಾಗ ನನಗಾದ ಖುಷಿ ಇವತ್ತಿಗೂ ಹಾಗೇ ಇದೆ.

ಉಳಿದಂತೆ ಕಾಡು ಕೊಟ್ಟದ್ದು: ಕಳಲೆ, ಬಾಳೆಹೂವು, ಜರಿಗಿಡದ ಕುಡಿ, ಅಣಬೆ, ಹೊಳೆಯ ಸಣ್ಣ ಮೀನು, ಏಡಿ, ಕಪ್ಪೆ. ಬೆತ್ತದ ಕುಡಿ ಅವರಿಗೆ ಬಲು ಇಷ್ಟ. ಮುಳ್ಳು ಸಮೇತ ಬೆಂಕಿಗೆ ಹಾಕಿ, ಹೊರಗಿನ ಪದರ ಸುಲಿದು, ಒಳಗಿನ ಬಿಳಿ ತಿರುಳನ್ನು ಜೇವ್‌ಗೆ ಅದ್ದಿ ತಿಂತಾರೆ. ಹಾಗಲಕಾಯಿಗಿಂತ ಕಹಿ. ಇನ್ನೊಂದು, ಹಸಿ ಬಿದಿರ ಅಂಡೆಯೊಳಗೆ ಮಾಡುವ ಅಡುಗೆ. ಮಾಂಸವೋ ಮೀನೋ ಸೊಪ್ಪೋ, ಜೊತೆಗೆ ಬದನೆ, ಮೆಣಸು, ಸ್ವಲ್ಪ ಅಕ್ಕಿ ತುಂಬಿ, ಬಾಯಿಗೆ ಎಲೆ ತುರುಕಿ, ಬೆಂಕಿಗೆ ಒರಗಿಸಿ ಆಗಾಗ ಹೊರಳಿಸ್ತಾರೆ. ಬೆಂದ ಮೇಲೆ ಅಂಡೆಯೊಳಗೇ ಕೋಲಿನಿಂದ ಜಜ್ಜಿ ಎಲೆ ಮೇಲೆ ಸುರೀತಾರೆ. ಎಣ್ಣೆ ಇಲ್ಲವೇ ಇಲ್ಲ. ಬಿದಿರಿನ ರಸವೇ ಅದಕ್ಕೆ ರುಚಿ.

ಸಸ್ಯಾಹಾರದ ವಿಚಾರ ಬೇರೆಯವರು ನನಗಿಂತ ಚೆನ್ನಾಗಿ ಹೇಳಬಹುದು. ಮದ್ಯದ ಬಗ್ಗೆ ಆಮೇಲೆ ಬರೀತೀನಿ.

ರಾತ್ರಿರೈಲು

ದಾರಿಯ ಬಗ್ಗೆ ಮಾತ್ರ ಹೇಳ್ತೀನಿ. 2021ರ ಡಿಸೆಂಬರ್ 3ರಿಂದ ವಿಯೆಂಟಿಯಾನ್‌ನಿಂದ ಚೀನಾ ಗಡಿಯ ಬೋಟೆನ್‌ವರೆಗೆ ರೈಲು ಓಡ್ತಿದೆ. ಲುವಾಂಗ್ ಪ್ರಬಾಂಗ್‌ನಲ್ಲಿ ಹತ್ತಿ, ಮುವಾಂಗ್ ಸಾಯ್ ದಾಟಿ, ನಾತೇಯ್‌ನಲ್ಲಿ ಇಳಿದರೆ ಅಲ್ಲಿಂದ ಲುವಾಂಗ್ ನಮ್‌ಥಾಗೆ ವ್ಯಾನ್ ಸಿಗುತ್ತೆ. ಮೊದಲು ಇದೇ ದಾರಿ ಬಸ್ಸಿನಲ್ಲಿ ಇಡೀ ದಿನ ತಿಂತಿತ್ತು. ಟಿಕೆಟ್ ಬೇಗ ಖಾಲಿಯಾಗುತ್ತೆ, ಮುಂಚೆ ಮಾಡಿಸಿ. ಡಿಸೆಂಬರ್‌ನಲ್ಲಿ ಗುಡ್ಡದ ರಾತ್ರಿ ಚಳಿ ಜೋರು, ದಪ್ಪ ಸ್ವೆಟರ್ ಇರಲಿ.

ಭಾಗೀರಥಿ_ಸಾಗರ

ತಂಗಿಗೆ ಧೈರ್ಯ ಹೇಳಿ. ನಾನೂ ಮೊಟ್ಟೆ ಮುಟ್ಟದವಳು. ಮಗಳ ಜೊತೆ ನಲಾನ್ ಎಂಬ ಖ್ಮು ಊರಿಗೆ ನಡೆದುಕೊಂಡು ಹೋಗಿ ಉಳಿದಿದ್ದೆ, ಹೊಟ್ಟೆ ತುಂಬಾ ಊಟ ಮಾಡಿಕೊಂಡೇ ಬಂದೆ.

ಮಾಡಬೇಕಾದದ್ದು ಇಷ್ಟೇ: ಊರು ಮುಟ್ಟಿದ ಮೇಲೆ ಹೇಳಬೇಡಿ, ಹೊರಡುವ ಮುಂಚೆಯೇ ಗೈಡ್‌ಗೆ ಹೇಳಿ. ಕೋಳಿ ಕೊಯ್ದ ಮೇಲೆ ಬೇಡ ಅನ್ನೋದಕ್ಕೂ, ಹಿಂದಿನ ದಿನವೇ "ಈಕೆ ಮಾಂಸ, ಮೀನು, ಮೊಟ್ಟೆ ತಿನ್ನಲ್ಲ" ಅಂತ ಹೇಳಿ ಕಳಿಸೋದಕ್ಕೂ ಬಹಳ ವ್ಯತ್ಯಾಸ ಇದೆ. ಲಾವೋಸ್‌ನಲ್ಲಿ "ಕಿನ್ ಜೇ" ಅಂದರೆ ಸಸ್ಯಾಹಾರ ಅಂತ ತಿಳೀತದೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, "ಬೋ ಸಾಯ್ ಪಾಡೇಕ್" ಅಂತಲೂ ಹೇಳಿ. ಪಾಡೇಕ್ ಅಂದರೆ ಕೊಳೆಹಾಕಿದ ಮೀನಿನ ಗೊಜ್ಜು. ಅದನ್ನು ಅವರು ಉಪ್ಪಿನ ಹಾಗೆ ಬಳಸ್ತಾರೆ, ಹಾಗಾಗಿ ಸೊಪ್ಪಿನ ಸಾರಿಗೂ ಹಾಕಿರ್ತಾರೆ, "ಇದರಲ್ಲಿ ಮಾಂಸ ಇಲ್ಲ" ಅಂತ ಮನಃಪೂರ್ವಕ ಹೇಳ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ.

ನನಗೆ ಸಿಕ್ಕಿದ್ದು ಅಂಟಕ್ಕಿ ಅನ್ನ, ಸುಟ್ಟ ಬದನೆಕಾಯಿ ಜೇವ್, ಬೇಯಿಸಿದ ಕುಂಬಳದ ಕುಡಿ, ಎಳ್ಳು ಹಾಕಿದ ಕಳಲೆ, ಕೆಂಡದಲ್ಲಿ ಸುಟ್ಟ ಕೆಸುವಿನ ಗೆಡ್ಡೆ. ಅಡುಗೆಮನೆಯ ಹೆಂಗಸು ನನಗಾಗಿ ಬೇರೆ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ, ನನ್ನ ಕಣ್ಣೆದುರೇ ತೊಳೆದು, ಅದರಲ್ಲಿ ಸೊಪ್ಪು ಬೇಯಿಸಿದಳು. ನಾನು ಹಾಗೆ ಮಾಡಿ ಅಂತ ಕೇಳಿರಲಿಲ್ಲ. ಇವಳು ಮೀನು ತಿನ್ನಲ್ಲ ಅಂದರೆ ಮೀನಿನ ಪಾತ್ರೆಯೂ ಆಗಲಿಕ್ಕಿಲ್ಲ ಅಂತ ಅವಳಾಗೇ ಯೋಚಿಸಿದ್ದಳು. ಮಾತು ಬಾರದವರ ನಡುವೆ ಅಷ್ಟು ಸೂಕ್ಷ್ಮ ನಾನು ಬೇರೆಲ್ಲೂ ಕಂಡಿಲ್ಲ.

ಚಟ್ನಿಪುಡಿ ತಗೊಂಡು ಹೋಗಿ, ಆದರೆ ಊಟದ ಮಣೆ ಮೇಲೆ ಮೊದಲೇ ತೆಗೆದಿಡಬೇಡಿ. ಅವರು ಬಡಿಸಿದ್ದನ್ನು ಉಂಡು, ಆಮೇಲೆ ಅವರಿಗೂ ಸ್ವಲ್ಪ ಹಂಚಿ.

ಡಾಕ್ಟರ್_ಹಾಸನ

ಆರೋಗ್ಯದ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಹೆದರಿಸಲು ಅಲ್ಲ.

ಲಾವೋಸ್ ಮತ್ತು ಈಶಾನ್ಯ ಥಾಯ್ಲೆಂಡ್‌ನಲ್ಲಿ ಹಸಿ ಅಥವಾ ಅರೆಬೆಂದ ಸಿಹಿನೀರಿನ ಮೀನಿನಿಂದ ಯಕೃತ್ತಿನ ಚಪ್ಪಟೆ ಹುಳು ಬರುತ್ತದೆ. ವೈದ್ಯಕೀಯ ಹೆಸರು ಒಪಿಸ್ಥೋರ್ಕಿಸ್ ವಿವೆರಿನಿ. ಅದು ಪಿತ್ತನಾಳದಲ್ಲಿ ವರ್ಷಗಟ್ಟಲೆ ಕೂತು ಅಲ್ಲಿ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಎಂದು ಪಟ್ಟಿ ಮಾಡಿದೆ. ನಿಂಬೆರಸ, ಮೆಣಸು, ಮದ್ಯ ಯಾವುದರಿಂದಲೂ ಆ ಹುಳುವಿನ ಮರಿ ಸಾಯುವುದಿಲ್ಲ. ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಪಾಡೇಕ್ ಕುದಿಯುವ ಸಾರಿನಲ್ಲಿದ್ದರೆ ತೊಂದರೆ ಇಲ್ಲ, ಹಸಿಯಾಗಿ ಕಲಸಿದ್ದರೆ ಬೇಡ. ಹಸಿ ಮಾಂಸದ ಲಾಪ್ (ಕೊಚ್ಚಿದ ಮಾಂಸಕ್ಕೆ ಸೊಪ್ಪು, ಖಾರ ಕಲಸಿದ್ದು) ಕೂಡ ಬೇಡ. ಹಂದಿಮಾಂಸದ್ದಾದರೆ ಅದರ ಹುಳುಗಳೇ ಬೇರೆ.

ಭಟ್ಟಿ ಇಳಿಸಿದ ಸಾರಾಯಿಯ ಬಗ್ಗೆ ಎಚ್ಚರ. 2024ರ ನವೆಂಬರ್‌ನಲ್ಲಿ ವಾಂಗ್ ವಿಯೆಂಗ್ ಎಂಬ ಪ್ರವಾಸಿ ಊರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ತೀರಿಕೊಂಡರು. ಅದು ಹಳ್ಳಿಯ ಗುಡಾಣದ ಮದ್ಯವಲ್ಲ. ಗುಡಾಣದ್ದು ಬರೀ ಹುದುಗಿಸಿದ್ದು, ಭಟ್ಟಿ ಇಳಿಸಿದ್ದಲ್ಲ. ಅದರಲ್ಲಿ ಗಮನಿಸಬೇಕಾದದ್ದು ಮೇಲೆ ಹೊಯ್ಯುವ ನೀರು. ಕುದಿಸಿ ಆರಿಸಿದ ನೀರೋ ಹಸಿ ನೀರೋ ಎಂದು ಗೈಡ್ ಮೂಲಕ ಕೇಳಿ.

ಯಾರಾದರೂ ಹಸಿ ಮೀನು ತಿಂದು ಬಂದಿದ್ದರೆ ಮಲ ಪರೀಕ್ಷೆ ಮಾಡಿಸಿಕೊಳ್ಳಿ. ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಇದೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ತೆಗೆದುಕೊಳ್ಳಬೇಕು.

ಮಡಿಕೇರಿ_ಮಳೆ

ಜರಿಗಿಡದ ಕುಡಿ ಅಂದ ತಕ್ಷಣ ನಮ್ಮ ತೆರ್ಮೆ ತೊಪ್ಪು ನೆನಪಾಯ್ತು, ಮಳೆಗಾಲದಲ್ಲಿ ತೋಡಿನ ಬದಿಯಿಂದ ಕಿತ್ತು ತಂದು ಪಲ್ಯ ಮಾಡ್ತೇವೆ. ಕಳಲೆಯನ್ನು ನಾವು ನೀರು ಬದಲಿಸಿ ನೆನೆಸಿಡ್ತೇವೆ. ಅಲ್ಲೂ ಹುಳಿ ಬರಿಸಿ ಇಡ್ತಾರಾ?

ಕಾಡುಮಲ್ಲಿಗೆ_ಶಿರಸಿ

ಇಡ್ತಾರೆ ಅಕ್ಕ. ಹೆಚ್ಚಿದ ಕಳಲೆಗೆ ಉಪ್ಪು ಹಾಕಿ ಜಾಡಿಯಲ್ಲಿ ಒತ್ತಿ ಹುಳಿ ಬರಿಸ್ತಾರೆ, ಮೀನಿನ ಸಾರಿಗೆ ಅದೇ ಹುಳಿ. ಹಸಿ ಕಳಲೆಯಾದರೆ ಕುದಿಸಿ ನೀರು ಚೆಲ್ಲಿ, ಆಮೇಲೆ ಯಾನಾಂಗ್ ಎಂಬ ಬಳ್ಳಿಯ ಎಲೆ ಹಿಚುಕಿ ತೆಗೆದ ಹಸಿರು ರಸದಲ್ಲಿ ಮತ್ತೆ ಬೇಯಿಸ್ತಾರೆ. ಆ ರಸದಿಂದ ಕಳಲೆಯ ಒಗರು ಹೋಗುತ್ತೆ.

ತೆರ್ಮೆ ಅಂದಿರಲ್ಲ, ಒಂದು ಮಾತು. ಖ್ಮು ಜನರಲ್ಲಿ ಕುಲಗಳಿವೆ. ಹುಲಿ, ಪುನುಗು ಬೆಕ್ಕು, ಮಂಗಟ್ಟೆ ಹಕ್ಕಿ, ಜರಿಗಿಡ ಹೀಗೆ ಪ್ರಾಣಿ, ಹಕ್ಕಿ, ಗಿಡಗಳ ಹೆಸರು. ತಮ್ಮ ಕುಲದ ಜೀವಿಯನ್ನು ಆ ಕುಲದವರು ಕೊಲ್ಲಲ್ಲ, ತಿನ್ನಲ್ಲ. ನಮ್ಮ ಕಡೆಯ ಬೆಡಗು, ಬಳಿಗಳಲ್ಲೂ ಇಂಥದ್ದು ಇದೆಯಲ್ಲ. ಹಾಗಾಗಿ ಒಂದೇ ಮಣೆಗೆ ಕೂತ ನಾಲ್ವರಲ್ಲಿ ಒಬ್ಬರು ಜರಿಸೊಪ್ಪಿನ ತಟ್ಟೆ ಮುಟ್ಟದೆ ಇರೋದು ಅವರಿಗೆ ದಿನನಿತ್ಯದ ಸಂಗತಿ. ದಾವಣಗೆರೆ ಅಣ್ಣನ ಪ್ರಶ್ನೆಗೂ ಇದೇ ಉತ್ತರ. "ನಮ್ಮ ಮನೆತನದಲ್ಲಿ ಇದನ್ನು ತಿನ್ನೋ ಪದ್ಧತಿ ಇಲ್ಲ" ಅಂದರೆ ಆ ಜನಕ್ಕೆ ಒಡನೆ ಅರ್ಥವಾಗುತ್ತೆ. ರುಚಿ ಇಲ್ಲ, ವಾಸನೆ, ಹೇಸಿಗೆ ಅಂತ ಮುಖ ಕಿವುಚಿದರೆ ಮಾತ್ರ ನೋವಾಗೋದು.

ಒಂಟಿಪಯಣ

ನನ್ನ ಅಭಿಪ್ರಾಯ ಬೇರೆ. ಅಲ್ಲಿನ ಹಳ್ಳಿ ವಾಸ್ತವ್ಯಕ್ಕೆ ಗೈಡ್, ಊರಿಗೆ ಪಾಲು ಹೋಗೋ ಹಳ್ಳಿ ನಿಧಿ, ನಿಗದಿತ ದರ ಇದೆಲ್ಲಾ ಬಂದ ಮೇಲೆ ಅದು ಆತಿಥ್ಯ ಹೇಗಾಗುತ್ತೆ? ಹೋಟೆಲ್ಲೇ ಆಯ್ತಲ್ಲ. ಬಾಡಿಗೆ ಬೈಕ್ ತಗೊಂಡು ಕಣಿವೆಯ ದಾರಿ ಹಿಡಿದು, ಸಂಜೆ ಯಾವುದಾದರೂ ಊರಲ್ಲಿ ನಿಂತರೆ ಯಾರಾದರೂ ಒಳಗೆ ಕರೀತಾರೆ. ಅದೇ ನಿಜವಾದ ಅನುಭವ. ದುಡ್ಡು ಕೊಟ್ಟ ತಕ್ಷಣ ನಾವು ಗಿರಾಕಿ, ಅವರು ಅಂಗಡಿಯವರು.

ಜೋಯ್ಡಾ_ಕುಣಬಿ

ಒಂಟಿಪಯಣ ಅವರೇ, ನಾನು ಲಾವೋಸ್ ಕಂಡಿಲ್ಲ. ಆದರೆ ನಾನು ಅತಿಥಿಗಳನ್ನು ಇಟ್ಟುಕೊಳ್ಳೋ ಮನೆಯವನು, ಆ ಕಡೆಯಿಂದ ಮಾತಾಡ್ತೀನಿ.

ನಮ್ಮ ಅಜ್ಜಂದಿರು ಕುಮರಿ ಬೇಸಾಯ ಮಾಡ್ತಿದ್ದರು. ಮೇಲೆ ಬರೆದಿರೋ ಹಾಗೇ, ಕಡಿದು, ಸುಟ್ಟು, ಕೋಲಿನಿಂದ ಬಿತ್ತಿ. ಬ್ರಿಟಿಷರ ಕಾಲದಿಂದ ಅದನ್ನು ನಿರ್ಬಂಧಿಸುತ್ತಾ ಬಂದರು, ಕಾಡು ಹಾಳುಮಾಡೋ ಜನ ಅಂತ ಹೆಸರಿಟ್ಟರು. ಸೂಪಾ ಅಣೆಕಟ್ಟು ಬಂದಾಗ ಊರುಗಳೇ ಮುಳುಗಿದವು. ಖ್ಮು ಜನರದ್ದು ಓದ್ತಾ ಇದ್ದರೆ ನಮ್ಮದೇ ಕತೆ ಅನಿಸ್ತದೆ. ಚಗಳಿ ಇರುವೆ ಚಟ್ನಿ ನಾವೂ ಮಾಡ್ತೇವೆ, ಗೆಡ್ಡೆ ಗೆಣಸು ನಮ್ಮಲ್ಲಿ ಎಷ್ಟು ಬಗೆ ಇದೆ ಅಂತ ಜೋಯ್ಡಾದ ಗೆಡ್ಡೆಗೆಣಸಿನ ಮೇಳಕ್ಕೆ ಬಂದು ನೋಡಿ.

ಈಗ ನಿಮ್ಮ ಮಾತಿಗೆ. ಹೇಳದೆ ಕೇಳದೆ ಸಂಜೆ ಬಂದು ನಿಂತವರಿಗೆ ನಾವೂ ಅನ್ನ ಹಾಕ್ತೇವೆ. ಹಾಕದೆ ಇರೋದಕ್ಕೆ ಆಗಲ್ಲ, ಹಸಿದವರನ್ನು ಕಳಿಸಿದರೆ ಮನೆಗೆ ಒಳ್ಳೇದಲ್ಲ ಅಂತ ನಮ್ಮ ಹಿರಿಯರು ಕಲಿಸಿದ್ದಾರೆ. ಆದರೆ ಆ ರಾತ್ರಿ ನಮ್ಮ ಅವ್ವ ಏನು ಮಾಡ್ತಾಳೆ ಗೊತ್ತಾ? ಮರುದಿನ ಗದ್ದೆ ಕೆಲಸಕ್ಕೆ ಬರೋ ಆಳುಗಳಿಗೆ ಅಂತ ಅಳೆದಿಟ್ಟ ಅಕ್ಕಿ ತೆಗೀತಾಳೆ. ಬೆಳಿಗ್ಗೆ ಅತಿಥಿ ಫೋಟೋ ತೆಗೆದು, ಕೈಮುಗಿದು, "ನಿಮ್ಮಂಥ ಒಳ್ಳೇ ಜನ ಎಲ್ಲೂ ಇಲ್ಲ" ಅಂತ ಹೇಳಿ ಹೋಗ್ತಾನೆ. ಅವ್ವ ಪಕ್ಕದ ಮನೆಗೆ ಅಕ್ಕಿ ಕೇಳೋಕೆ ಹೋಗ್ತಾಳೆ. ನೀವು ನಿಜವಾದ ಅನುಭವ ಅನ್ನೋದು ಇದನ್ನೇ ಅಲ್ಲವಾ?

ದರ ಇಟ್ಟ ಮೇಲೆ ನಮ್ಮ ಮನೆಯಲ್ಲಿ ಪ್ರೀತಿ ಕಡಿಮೆಯಾಗಲಿಲ್ಲ. ಬಂದವರ ಎದುರು ಹಂಗಿಲ್ಲದೆ ಕೂತು ಮಾತಾಡೋದಕ್ಕೆ ಆಯ್ತು. ನಮ್ಮ ಅವ್ವ ಈಗ ಒಳ್ಳೇ ಗೆಣಸನ್ನೇ ಆರಿಸಿ ಬೇಯಿಸ್ತಾಳೆ, ಅಕ್ಕಿ ಲೆಕ್ಕ ಹಾಕೋ ಚಿಂತೆ ಇಲ್ಲದೆ.

ಕಾಡುಮಲ್ಲಿಗೆ_ಶಿರಸಿ

ಜೋಯ್ಡಾ ತಮ್ಮ ಹೇಳಿದ್ದು ನೂರಕ್ಕೆ ನೂರು. ಲಾವೋಸ್ ಕಡೆಯಿಂದ ಒಂದೆರಡು ಸೇರಿಸ್ತೀನಿ.

ಅಲ್ಲಿ ಹೊರಗಿನವರು ಹಳ್ಳಿಯಲ್ಲಿ ರಾತ್ರಿ ಉಳಿದರೆ ಊರ ಮುಖ್ಯಸ್ಥನಿಗೆ, ಅಂದರೆ ನಾಯ್ ಬಾನ್‌ಗೆ, ತಿಳಿಸಿ ದಾಖಲಿಸಬೇಕು. ಹೇಳದೆ ಉಳಿದರೆ ಉತ್ತರ ಕೊಡಬೇಕಾದವರು ನೀವಲ್ಲ, ನಿಮ್ಮನ್ನು ಇಟ್ಟುಕೊಂಡ ಮನೆಯವರು.

ಇನ್ನು ನಮ್ ಹಾ. ಅಲ್ಲಿನ ಚಾರಣ ವ್ಯವಸ್ಥೆ ಶುರುವಾದದ್ದು 1999ರಲ್ಲಿ, ಯುನೆಸ್ಕೋ ಮತ್ತು ಲಾವೋ ಪ್ರವಾಸೋದ್ಯಮ ಇಲಾಖೆ ಸೇರಿ. ಚಿಕ್ಕ ಗುಂಪು, ಸ್ಥಳೀಯ ಗೈಡ್, ಅಡುಗೆ ಸರದಿಯ ಮೇಲೆ ಬೇರೆ ಬೇರೆ ಮನೆಗೆ, ಒಂದು ಪಾಲು ಊರಿನ ನಿಧಿಗೆ. ಸರದಿ ಇರೋದರಿಂದ ದಾರಿಬದಿಯ ಒಂದೇ ಮನೆ ಉಬ್ಬಿ ಉಳಿದವರು ನೋಡುತ್ತಾ ಕೂರೋದು ತಪ್ಪುತ್ತೆ. ಎಲ್ಲಾ ಊರಲ್ಲೂ ಇದು ಸಮನಾಗಿ ನಡೆಯುತ್ತೆ ಅಂತ ನಾನು ಹೇಳಲ್ಲ. ಆದ್ದರಿಂದ ಬುಕ್ ಮಾಡುವಾಗಲೇ ನೇರವಾಗಿ ಕೇಳಿ: ಈ ದುಡ್ಡಿನಲ್ಲಿ ಊರಿಗೆ ಎಷ್ಟು, ಅಡುಗೆಯವರಿಗೆ ಎಷ್ಟು, ಗೈಡ್‌ಗೆ ಎಷ್ಟು. ಒಳ್ಳೆಯ ಕಡೆ ಬರಹದಲ್ಲೇ ತೋರಿಸ್ತಾರೆ.

ಆ ಕಡೆ ಬದುಕು ವೇಗವಾಗಿ ಬದಲಾಗ್ತಿದೆ. ಗುಡ್ಡಗಳನ್ನು ಚೀನಾಕ್ಕೆ ಹೋಗುವ ರಬ್ಬರ್ ಆವರಿಸಿದೆ. ಸರ್ಕಾರ ಗುಡ್ಡದ ಬೇಸಾಯ ಕಡಿಮೆ ಮಾಡಿಸಿ ಊರುಗಳನ್ನು ರಸ್ತೆಬದಿಗೆ ಇಳಿಸುತ್ತಾ ಬಂದಿದೆ. ನಮ್ ಥಾ ನದಿಗೆ ಅಣೆಕಟ್ಟು ಬಂದು ಖ್ಮು ಊರುಗಳು ಎತ್ತಂಗಡಿಯಾಗಿವೆ. ಕಾಡು ದೂರವಾದರೆ ಬೆತ್ತದ ಕುಡಿ, ಮಾಕ್ ಖೇನ್, ಹೊಳೆಯ ಏಡಿ ಎಲ್ಲವೂ ಸಂತೆಯಲ್ಲಿ ಕೊಳ್ಳೋ ವಸ್ತುಗಳಾಗುತ್ತವೆ. ಹೀಗಿರುವಾಗ, ಅಜ್ಜಿಯ ಅಡುಗೆಗೂ ಬೆಲೆಯಿದೆ ಅಂತ ಊರಿನ ಹುಡುಗರಿಗೆ ಕಾಣೋ ಹಾಗೆ ನಾಲ್ಕು ದುಡ್ಡು ಬರೋದು ಸಣ್ಣ ವಿಷಯ ಅಂತ ನನಗೆ ಅನಿಸಲ್ಲ.

ಒಂಟಿಪಯಣ

ದಾಖಲೆಯ ವಿಷಯ ನನಗೆ ಗೊತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಜೋಯ್ಡಾದವರ ಮಾತೂ ಮನಸ್ಸಿಗೆ ನಾಟಿತು. ಆದರೂ ಪೂರ್ತಿ ಒಪ್ಪಲಾರೆ. ಎಲ್ಲಾ ಮೊದಲೇ ನಿಗದಿಯಾಗಿದ್ದರೆ ಇಬ್ಬರು ಮನುಷ್ಯರ ನಡುವೆ ಆಕಸ್ಮಿಕವಾಗಿ ಏನಾದರೂ ಆಗೋದಕ್ಕೆ ಜಾಗ ಎಲ್ಲಿ?

ಭಾಗೀರಥಿ_ಸಾಗರ

ಜಾಗ ಇದೆ ತಮ್ಮ. ನನಗೆ ಬೇರೆ ಪಾತ್ರೆ ತಿಕ್ಕಿ ಕೊಟ್ಟದ್ದು ಯಾವ ದರಪಟ್ಟಿಯಲ್ಲೂ ಇರಲಿಲ್ಲ.

ದಾವಣಗೆರೆ_ಅಲೆಮಾರಿ

ಇಷ್ಟು ಮಾಹಿತಿ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹೆಂಡತಿ ಇಡೀ ಚರ್ಚೆ ಓದಿ ನಿರಾಳ ಆದಳು. ಕಾಡುಮಲ್ಲಿಗೆ ಅಕ್ಕ, ಗುಡಾಣದ ವಿಷಯ ಬಾಕಿ ಇದೆ. ಮನೆಯೊಳಗೆ ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಅನ್ನೋದನ್ನೂ ಹೇಳಿ.

ಕಾಡುಮಲ್ಲಿಗೆ_ಶಿರಸಿ

ಬೆಂದ ಅಂಟಕ್ಕಿಗೆ ಉಮಿ ಬೆರೆಸಿ, ಬೇರು ಸೊಪ್ಪು ಸೇರಿಸಿ ಮಾಡಿದ ಹುದುಗಿನ ಬಿಲ್ಲೆ ಪುಡಿಮಾಡಿ ಹಾಕಿ, ಗುಡಾಣದ ಬಾಯಿ ಭದ್ರ ಮಾಡಿ ಇಡ್ತಾರೆ. ಕುಡಿಯುವ ದಿನ ಬಾಯಿ ಬಿಚ್ಚಿ, ಅಂಚಿನವರೆಗೆ ನೀರು ಹೊಯ್ದು, ಉದ್ದನೆಯ ಬಿದಿರ ಕೊಳವೆ ಇಳಿಸ್ತಾರೆ. ಉಮಿ ಇರೋದು ಕೊಳವೆ ಕಟ್ಟಿಕೊಳ್ಳದ ಹಾಗೆ. ಕೆಲವು ಊರಲ್ಲಿ ಎಮ್ಮೆ ಕೊಂಬಿನಲ್ಲಿ ಅಳತೆ: ಕೊಂಬಿನಷ್ಟು ನೀರು ಹೊಯ್ಯೋದು, ಗುಡಾಣ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯುವವರೆಗೆ ಇಬ್ಬರು ಕೂತು ಹೀರೋದು. ಹಾಗಾಗಿ ಯಾರು ಎಷ್ಟು ಕುಡಿದರು ಅಂತ ಎಲ್ಲರಿಗೂ ಕಾಣುತ್ತೆ. ಹಿರಿಯರಿಗೆ ಹುರುಪು ಬಂದರೆ ತೆಮ್ ಹಾಡ್ತಾರೆ. ಅತಿಥಿಯನ್ನು ಹೊಗಳಿ, ನಮ್ಮ ಮನೆ ಬಡವರದ್ದು, ಊಟ ಸಪ್ಪೆ, ಮನಸ್ಸಿಗೆ ತಂದುಕೊಳ್ಳಬೇಡಿ ಅಂತ ಮನೆಯವರು ಹಾಡ್ತಾರೆ. ಹಾಗಲ್ಲ, ಊಟ ಸೊಗಸಾಗಿದೆ ಅಂತ ಬಂದವರು ಹಾಡಿನಲ್ಲೇ ಉತ್ತರಿಸಬೇಕು. ನಿಮಗೆ ಬರುವ ಯಾವುದಾದರೂ ಭಾವಗೀತೆ ಹಾಡಿ. ಖುಷಿಪಡ್ತಾರೆ, ಉತ್ಪ್ರೇಕ್ಷೆ ಅಲ್ಲ.

ಕುಡಿಯದವರು ಏನು ಮಾಡಬೇಕು? ಗುಡಾಣದ ಬಳಿ ಹೋಗಿ ಕೂತುಕೊಳ್ಳಿ, ದೂರ ಉಳಿಯಬೇಡಿ. ಎರಡೂ ಕೈಯಲ್ಲಿ ಕೊಳವೆ ಹಿಡಿದು ತುಟಿಗೆ ಮುಟ್ಟಿಸಿ, ಕೈಮುಗಿದು ಪಕ್ಕದವರಿಗೆ ಕೊಡಿ. ಗೈಡ್ ನಿಮ್ಮ ಪಾಲು ಕುಡೀತಾನೆ, ಅದು ಅಲ್ಲಿ ನಡೆಯುತ್ತೆ. ಔಷಧಿ ತಗೋತಿದ್ದೀನಿ ಅಂತ ಸುಳ್ಳು ಹೇಳೋ ಅಗತ್ಯ ಇಲ್ಲ.

ಮನೆ ವಿಷಯ. ಮನೆಗಳು ಸಾಮಾನ್ಯವಾಗಿ ಕಂಬದ ಮೇಲೆ, ಚಪ್ಪಲಿ ಏಣಿಯ ಬುಡದಲ್ಲೇ ಬಿಡಿ. ಒಳಗೆ ಒಲೆಯ ಹತ್ತಿರ ಕೂರಿಸ್ತಾರೆ. ಆದರೆ ಮನೆಯ ಹಿರಿಯರ ಆತ್ಮಗಳಿಗೆ ಸೇರಿದ ಜಾಗ ಒಂದು ಇರುತ್ತೆ, ಒಳಕೋಣೆಯೋ ಒಂದು ಮೂಲೆಯೋ ಒಂದು ಒಲೆಯೋ, ಮನೆಯಿಂದ ಮನೆಗೆ ಬೇರೆ. ಎಲ್ಲಿ ಕೂರಲಿ, ಎಲ್ಲಿ ಮಲಗಲಿ ಅಂತ ಕೇಳಿಯೇ ಮುಂದೆ ಹೆಜ್ಜೆ ಇಡಿ. ಒಲೆಗೆ ಉಗುಳೋದು, ಒಲೆ ದಾಟೋದು, ಕಾಲು ಚಾಚೋದು ಇಲ್ಲ. ಊರ ಬಾಗಿಲಲ್ಲೋ ಮನೆ ಮುಂದೋ ನಕ್ಷತ್ರದಂತೆ ಹೆಣೆದ ಬಿದಿರ ಜಾಲಿ ನೆಟ್ಟಿದ್ದು ಕಂಡರೆ ಅಲ್ಲೇ ನಿಂತು ಕೇಳಿ. ಅದಕ್ಕೆ ತಾಲೇವ್ ಅಂತಾರೆ. ಅದರರ್ಥ ಒಳಗೆ ಏನೋ ಶಾಂತಿ, ವ್ರತ ನಡೆದಿದೆ, ಹೊರಗಿನವರಿಗೆ ಪ್ರವೇಶ ಇಲ್ಲ. ಎಷ್ಟು ದೂರದಿಂದ ನಡೆದು ಬಂದಿದ್ದರೂ ಆ ದಿನ ಬೇರೆ ಊರಿಗೆ ಹೋಗಬೇಕು.

ಕೈಗೆ ಬಿಳಿ ನೂಲು ಕಟ್ಟಿದರೆ ಮೂರು ದಿನವಾದರೂ ಬಿಚ್ಚಬೇಡಿ. ದೇಹ ಬಿಟ್ಟು ಅಲೆಯುವ ಆತ್ಮವನ್ನು ಕರೆದು ಕೂರಿಸಿ ಕಟ್ಟೋದು ಅದು. ದಾರಿಹೋಕರಿಗೆ ಇದಕ್ಕಿಂತ ತಕ್ಕ ಹಾರೈಕೆ ನನಗೆ ಗೊತ್ತಿಲ್ಲ. ಡಿಸೆಂಬರ್ ಕೊನೆ ಅಂದಿರಿ, ಸುಗ್ಗಿ ಮುಗಿದ ಮೇಲಿನ ಗ್ರೆ ಹಬ್ಬ ಕೆಲವು ಊರಲ್ಲಿ ಅದೇ ಆಸುಪಾಸು ಬರುತ್ತೆ. ದಿನ ಊರಿಂದ ಊರಿಗೆ ಬೇರೆ, ಗೈಡ್‌ನ ಕೇಳಿ ನೋಡಿ.

ಕಾಡುಪ್ರಾಣಿ ಮಾಂಸ ಮಾತ್ರ ಕೇಳಬೇಡಿ, ಕೊಟ್ಟರೂ ಬೇಡ ಅನ್ನಿ. ಅತಿಥಿಗೆ ಇಷ್ಟ ಅಂತ ತಿಳಿದರೆ ನಾಳೆ ಮತ್ತೊಂದು ಬಲೆ ಹಾಕ್ತಾರೆ.

ದಾವಣಗೆರೆ_ಅಲೆಮಾರಿ

ಪ್ರಾಂತ್ಯದ ಪ್ರವಾಸೋದ್ಯಮ ಕಚೇರಿಗೆ ಇವತ್ತೇ ಮೇಲ್ ಹಾಕಿದೆ, ಸಸ್ಯಾಹಾರ, ಪಾಡೇಕ್ ಎರಡನ್ನೂ ಬರೆದಿದ್ದೀನಿ. ದುಡ್ಡಿನ ಪಾಲಿನ ಲೆಕ್ಕವನ್ನೂ ಕೇಳಿದ್ದೀನಿ. ಕೊನೇದಾಗಿ, ಉಡುಗೊರೆ ಏನು ಒಯ್ಯಲಿ? ಮಕ್ಕಳಿಗೆ ಚಾಕೊಲೇಟ್ ಅಂದುಕೊಂಡಿದ್ದೆ.

ಜೋಯ್ಡಾ_ಕುಣಬಿ

ಚಾಕೊಲೇಟ್ ಬೇಡ ಅಣ್ಣ. ನಮ್ಮೂರಲ್ಲೂ ಹಾಗೇ ಆಯ್ತು, ಈಗ ಗಾಡಿ ಸದ್ದು ಕೇಳಿದರೆ ಸಣ್ಣ ಹುಡುಗರು ಕೈಚಾಚಿ ಓಡ್ತವೆ, ದೊಡ್ಡವರಿಗೆ ಅದು ಸಂಕಟ.

ಕಾಡುಮಲ್ಲಿಗೆ_ಶಿರಸಿ

ಹೌದು. ಮಕ್ಕಳಿಗೆ ಅಂತ ಇದ್ದರೆ ನೋಟ್‌ಬುಕ್, ಪೆನ್ಸಿಲ್ ತಗೊಂಡು ಶಾಲೆಯ ಮೇಷ್ಟ್ರ ಕೈಗೋ ನಾಯ್ ಬಾನ್ ಕೈಗೋ ಕೊಡಿ. ಮನೆಯವರಿಗೆ ಲುವಾಂಗ್ ನಮ್‌ಥಾ ಸಂತೆಯಲ್ಲೇ ಉಪ್ಪು, ಒಳ್ಳೇ ಟಾರ್ಚ್, ಹೊಲಿಗೆ ದಾರ ಸಿಗುತ್ತೆ. ಅಡುಗೆ ಮಾಡಿದ ಹೆಂಗಸಿನ ಕೈಗೇ ಕೊಡಿ, ಗಂಡಸಿನ ಕೈಗಲ್ಲ. ಮೊದಲ ಊಟಕ್ಕೆ ಮುಂಚೆ ಕೊಡಬೇಡಿ, ಹೊರಡೋ ದಿನ ಬೆಳಿಗ್ಗೆ ಕೊಡಿ. ಬರುವಾಗ ಸಂತೆಯಲ್ಲಿ ಒಣಗಿದ ಮಾಕ್ ಖೇನ್ ಸಿಕ್ಕರೆ ಸ್ವಲ್ಪ ತನ್ನಿ, ತಂಗಿ ಅದನ್ನು ಬದನೆಕಾಯಿ ಗೊಜ್ಜಿಗೆ ಹಾಕಿ ನೋಡಲಿ. ಹೋಗಿಬಂದ ಮೇಲೆ ಇಲ್ಲೇ ಬರೀರಿ, ಊರಿನ ನಿಧಿಯ ವಿಚಾರ ಈಗ ಹೇಗಿದೆ ಅಂತ ತಿಳ್ಕೋಬೇಕು ನನಗೆ.